ಅಚೋಲಳ ಬಿಳಿ ಎತ್ತು

ಶಿವಾನಿ ಮೇಡಂಗೆ ಬೇಕಾಗಿದ್ದದ್ದು ಸುಟ್ಟ ಮನೆಯ ಚಿತ್ರ. ಅಚೋಲ್ ಬರೆದು ಕಳಿಸಿದ್ದು ಎತ್ತಿನ ಚಿತ್ರ. ಜಗಳ ಹುಟ್ಟಿದ್ದು ಅಲ್ಲಿಂದ.

ಅಚೋಲ್ ಇರುವುದು ಆಫ್ರಿಕಾದ ಉಗಾಂಡಾ ದೇಶದಲ್ಲಿ, ಒಂದು ನಿರಾಶ್ರಿತರ ಕ್ಯಾಂಪಿನಲ್ಲಿ. ಹುಟ್ಟಿದ್ದು ಪಕ್ಕದ ದಕ್ಷಿಣ ಸುಡಾನಿನಲ್ಲಿ. ಬಂದೂಕು ಹಿಡಿದವರು ಊರಿಗೆ ನುಗ್ಗಿ ಮನೆಗಳಿಗೆ ಬೆಂಕಿ ಇಟ್ಟಾಗ ಅವಳಿನ್ನೂ ಹಾಲುಹಲ್ಲು ಬೀಳುತ್ತಿದ್ದ ಹುಡುಗಿ. ಅಮ್ಮನ ಕೈ ಹಿಡಿದು ನಡೆದೇ ಗಡಿ ದಾಟಿದಳು. ಈಗ ದೊಡ್ಡವಳಾಗಿದ್ದಾಳೆ. ಕ್ಯಾಂಪಿನಲ್ಲಿ ಅವಳ ಚಿಕ್ಕಪ್ಪನದೊಂದು ಅಂಗಡಿ ಇದೆ. ತಗಡಿನ ಮೇಲೆ ಸೋಲಾರ್ ಹಲಗೆ ಹಾಕಿ ಜನರ ಮೊಬೈಲ್ ಚಾರ್ಜ್ ಮಾಡಿಕೊಡುವ ಅಂಗಡಿ. ಅದರಲ್ಲಿ ಕೂರುತ್ತಾಳೆ. ಕೂತಲ್ಲೇ ಚಿತ್ರ ಬರೆಯುತ್ತಾಳೆ. ಕಾಗದ ಸಿಕ್ಕರೆ ಕಾಗದದ ಮೇಲೆ. ಸಿಗದಿದ್ದರೆ ರೇಷನ್ ಹಿಟ್ಟಿನ ಚೀಲ ಬಿಚ್ಚಿ ಅದರ ಮೇಲೆ. ಬಣ್ಣ ಅಂದರೆ ಇದ್ದಿಲು, ಇಟ್ಟಿಗೆ ಪುಡಿ, ಬೂದಿ.

ಭುವನೇಶ್ವರಿ ಇರುವುದು ಬೆಂಗಳೂರಿನಲ್ಲಿ, ದೀಪಾಂಜಲಿ ನಗರದ ಹಿಂದಿನ ವಠಾರದಲ್ಲಿ. ಎಲ್ಲರ ಬಾಯಲ್ಲೂ ಭುವನಿ. ಅಮ್ಮ ಹನುಮಕ್ಕ ಪೌರಕಾರ್ಮಿಕೆ. ಬಸವೇಶ್ವರನಗರದ ರಸ್ತೆಗಳನ್ನು ಗುಡಿಸುತ್ತಾರೆ. ಭುವನಿ ಪಿಯುಸಿ ಅರ್ಧಕ್ಕೆ ಬಿಟ್ಟು ಮೂಡಲಪಾಳ್ಯದ ಕಾಂತರಾಜು ಅನ್ನುವವರ ಶೆಡ್ಡಿಗೆ ಸೇರಿದ್ದಳು. ಹಳೇ ಆಟೋಗಳಿಗೆ ಬಣ್ಣ ಹೊಡೆಯುವ ಶೆಡ್. ಅಲ್ಲಿ ಬ್ರಷ್ ಹಿಡಿಯೋದು ಗಂಡಸರು. ಉಜ್ಜೋದು ಭುವನಿ. ಹಳೇ ಬಣ್ಣ ಕೀಳಬೇಕು. ತುಕ್ಕು ಕೀಳಬೇಕು. ಪುಟ್ಟಿ ಮೆತ್ತಬೇಕು. ಅದು ಒಣಗಿದ ಮೇಲೆ ಎಮರಿ ಪೇಪರ್ ನೀರಿಗದ್ದಿ ಉಜ್ಜಬೇಕು. ಉಜ್ಜಿದ್ದನ್ನೇ ಉಜ್ಜಬೇಕು. ಸಂಜೆ ಹೊತ್ತಿಗೆ ಭುಜ ಕಳಚಿಬಿದ್ದ ಹಾಗಾಗುತ್ತಿತ್ತು. ಬೆರಳ ತುದಿಯ ಚರ್ಮ ಎಷ್ಟು ಸವೆದಿತ್ತೆಂದರೆ ರೇಷನ್ ಅಂಗಡಿಯ ಮಿಷನ್ನು ಅವಳ ಹೆಬ್ಬೆಟ್ಟಿನ ಗುರುತನ್ನೇ ಹಿಡಿಯುತ್ತಿರಲಿಲ್ಲ. ನೀನು ನೀನೇ ಅಂತ ಏನು ಗ್ಯಾರಂಟಿ ಅಂತ ಅಂಗಡಿಯವನು ಎಲ್ಲರೆದುರಿಗೆ ಕೇಳುತ್ತಿದ್ದ.

ಇವರಿಬ್ಬರನ್ನೂ ಕೂಡಿಸಿದ್ದು ಶಿವಾನಿ ಮೇಡಂ. ಅದನ್ನು ಒಪ್ಪಿಕೊಳ್ಳಲೇಬೇಕು. ಬಸವೇಶ್ವರನಗರದಲ್ಲಿ ಅವರದೊಂದು ಕಲಾ ಫೌಂಡೇಶನ್ ಇತ್ತು. ಬೇಸಿಗೆಯಲ್ಲಿ ವಠಾರಕ್ಕೆ ಬಂದು ಚಿತ್ರದ ಶಿಬಿರ ಮಾಡಿದರು. ಭುವನಿ ಅಲ್ಲಿಗೆ ತಂದದ್ದು ಶೆಡ್ಡಿನಲ್ಲಿ ಬಳಸಿ ಬಿಸಾಡಿದ ಎಮರಿ ಪೇಪರು. ಅದರ ಹಿಂಬದಿಯಲ್ಲಿ ಅಮ್ಮನನ್ನೂ ಅಮ್ಮನ ಜೊತೆಯವರನ್ನೂ ಬರೆದಿದ್ದಳು. ಕಸದ ತಳ್ಳುಗಾಡಿಗೆ ಒರಗಿ ಟೀ ಕುಡಿಯುತ್ತಾ ಏನಕ್ಕೋ ಬಿದ್ದು ಬಿದ್ದು ನಗುತ್ತಿರುವ ಹೆಂಗಸರು. ಮೇಡಂ ಅದನ್ನು ಬಹಳ ಹೊತ್ತು ನೋಡಿದರು. ಭುವನಿಯ ಹೆಗಲ ಮೇಲೆ ಕೈ ಇಟ್ಟರು. ಮೇಡಂಗೆ ಎಲ್ಲರ ಹೆಗಲ ಮೇಲೂ ಕೈ ಇಡುವ ಅಭ್ಯಾಸ.

ಫೌಂಡೇಶನ್ನಿನ ಕಾರ್ಯಕ್ರಮದ ಹೆಸರು ‘ಗಡಿಯಾಚೆ ಬಣ್ಣ’. ಕ್ಯಾಂಪಿನ ಹುಡುಗ ಹುಡುಗಿಯರು ಅಲ್ಲಿಂದ, ಬೆಂಗಳೂರಿನವರು ಇಲ್ಲಿಂದ, ಪ್ರತಿ ಶನಿವಾರ ಆನ್‌ಲೈನಿನಲ್ಲಿ ಸೇರೋದು. ಬರೆದ ಚಿತ್ರ ತೋರಿಸೋದು. ಅದರ ಬಗ್ಗೆ ಮಾತಾಡೋದು. ಒಬ್ಬೊಬ್ಬರಿಗೆ ಒಬ್ಬೊಬ್ಬರು ಜೊತೆ. ಭುವನಿಗೆ ಜೊತೆಯಾದವಳು ಅಚೋಲ್. ಇಬ್ಬರಿಗೂ ಫೌಂಡೇಶನ್ನೇ ಒಂದೊಂದು ಫೋನು ಕೊಟ್ಟಿತ್ತು.

ಮೊದಲ ಶನಿವಾರ ಭುವನಿ ಎಮರಿ ಪೇಪರ್ ತಿರುಗಿಸಿ ಕ್ಯಾಮರಾಗೆ ಹಿಡಿದಳು. ಅಚೋಲ್ ಹಿಟ್ಟಿನ ಚೀಲ ಹಿಡಿದಳು. ಚೀಲದ ಮೇಲೆ ಮಾರಾಟಕ್ಕಲ್ಲ ಅಂತ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಇಬ್ಬರೂ ಒಟ್ಟಿಗೆ ನಕ್ಕರು. ಮಾತೆಲ್ಲ ಇಂಗ್ಲಿಷಿನಲ್ಲೇ ಆಗಬೇಕಿತ್ತು. ಅಚೋಲ್ ಕ್ಯಾಂಪಿನ ಶಾಲೆಯಲ್ಲಿ ಕಲಿತಿದ್ದಳು, ಚೆನ್ನಾಗಿ ಮಾತಾಡುತ್ತಿದ್ದಳು. ಭುವನಿಯದು ಎಸ್ಸೆಸ್ಸೆಲ್ಸಿ ಇಂಗ್ಲಿಷು, ಹೇಗೋ ತಳ್ಳಿಕೊಂಡು ಹೋಗುತ್ತಿತ್ತು. ಆಮೇಲೆ ಶನಿವಾರದವರೆಗೆ ಕಾಯುವುದು ಇಬ್ಬರಿಗೂ ಕಷ್ಟವಾಯಿತು. ವಾಯ್ಸ್ ಮೆಸೇಜ್ ಶುರುವಾದವು. ಅಚೋಲ್ ತಾನು ತಲೆಗೂದಲು ಹೆಣೆಯುವ ಬಗೆ ತೋರಿಸಿದಳು. ಭುವನಿ ಕನ್ನಡ ಹೇಳಿಕೊಟ್ಟಳು. ಸ್ವಲ್ಪ ದಿನದಲ್ಲೇ ಆಫ್ರಿಕಾದಿಂದ ಬರುವ ಮೆಸೇಜುಗಳೆಲ್ಲ ‘ಏನ್ ಗುರು, ಊಟ ಆಯ್ತಾ’ ಅಂತ ಶುರುವಾಗತೊಡಗಿದವು.

ಒಂದು ಮಧ್ಯಾಹ್ನ ಎತ್ತು ಬಂತು.

ಬಿಳಿ ಎತ್ತು. ಬೂದಿ ಬಳಿದು ಮಾಡಿದ ಬಿಳುಪು. ಕೊಂಬು ಮಾತ್ರ ಇದ್ದಿಲಿನ ಕಪ್ಪು. ಎರಡು ಕೊಂಬೂ ತಲೆಯಿಂದ ಎದ್ದು, ಅಗಲವಾಗಿ ಬಾಗಿ, ಆಕಾಶವನ್ನೇ ತಬ್ಬಿಕೊಳ್ಳುವಂತೆ ಮೇಲಕ್ಕೆ ಹೋಗಿದ್ದವು. ಹೆಸರು ಮಬಿಯೋರ್. ಅಂದರೆ ಬಿಳಿಯ. ಅಚೋಲಳ ಅಪ್ಪನ ಎತ್ತು. ಅಪ್ಪ ಅದರ ಮೇಲೆ ಹಾಡು ಕಟ್ಟಿ ಹಾಡುತ್ತಿದ್ದನಂತೆ. ಅವರ ಜನರಲ್ಲಿ ಪ್ರತಿ ಗಂಡಸಿಗೂ ಒಂದು ಎತ್ತು, ಎತ್ತಿಗೊಂದು ಹಾಡು ಇರುತ್ತದಂತೆ. ಬೆಂಕಿ ಬಿದ್ದ ದಿನ ಅಪ್ಪ ಹೋದ. ಎತ್ತು ಎಲ್ಲಿಗೆ ಹೋಯಿತೋ ಗೊತ್ತಿಲ್ಲ.

ಭುವನಿ ಫೋನನ್ನು ಅಮ್ಮನಿಗೆ ತೋರಿಸಿದಳು. ಹನುಮಕ್ಕ ಆಗಷ್ಟೇ ಕೆಲಸ ಮುಗಿಸಿ ಬಂದು ಕಾಲು ಚಾಚಿ ಕೂತಿದ್ದರು. ಕೈ ತೊಳೆದು ಬಂದು ಫೋನ್ ಹಿಡಿದರು.

“ಅಯ್ಯೋ ನಮ್ಮವ್ವ, ಇದೇನ್ ಕೊಂಬೇ ಇದು,” ಅಂದರು. “ಇದನ್ನ ಯಾವ ಬಾಗ್ಲಲ್ಲಿ ನುಗ್ಗುಸ್ತಾರೆ?”

ಆಮೇಲೆ ತಮ್ಮ ಕಥೆ ಹೇಳಿದರು. ಪಾವಗಡದ ಕಡೆ ಅವರ ಅಪ್ಪ ಊರ ಸಾಹುಕಾರರ ಮನೆಯಲ್ಲಿ ಜೀತಕ್ಕಿದ್ದರು. ಎತ್ತು ಮೇಯಿಸೋದು ಅಪ್ಪ. ಮೈ ತೊಳೆಯೋದು ಹನುಮಕ್ಕ. ಸಂಕ್ರಾಂತಿಗೆ ಕೊಂಬು ಹೆರೆದು ಬಣ್ಣ ಬಳಿಯೋದು ಅಪ್ಪ, ಮಗಳು ಇಬ್ಬರೂ. ಕಿಚ್ಚು ಹಾಯಿಸುವಾಗ ಎತ್ತಿನ ಹಗ್ಗ ಹಿಡಿದು ಬೆಂಕಿಗೆ ಹತ್ತಿರ ಹೋಗೋದೂ ಅಪ್ಪನೇ. ಕಾಲು ಸುಟ್ಟುಕೊಂಡದ್ದೂ ಅಪ್ಪನೇ. ಊರವರು ಮಾತ್ರ ಸಾಹುಕಾರರ ಎತ್ತು ಹೆಂಗೆ ಹಾರಿತು ನೋಡು ಅನ್ನುತ್ತಿದ್ದರು.

ಇದನ್ನೆಲ್ಲ ಭುವನಿ ತನಗೆ ಬಂದ ಇಂಗ್ಲಿಷಿನಲ್ಲಿ ಅಚೋಲ್‌ಗೆ ಹೇಳಿದಳು. ಅಚೋಲ್ ಮಾರನೇ ದಿನ ಇನ್ನೊಂದು ಚಿತ್ರ ಕಳಿಸಿದಳು. ಲಂಗ ಎತ್ತಿ ಕಟ್ಟಿದ ಹುಡುಗಿಯೊಬ್ಬಳು ದೊಡ್ಡ ಕೊಂಬಿನ ಎತ್ತಿನ ಮೈ ತೊಳೆಯುತ್ತಿದ್ದಾಳೆ. ಎತ್ತು ಅವಳ ಕಡೆ ತಿರುಗಿ ನೋಡುತ್ತಿದೆ. ಕೆಳಗೆ ಇಂಗ್ಲಿಷಿನಲ್ಲಿ ‘ಹನುಮಕ್ಕನ ಎತ್ತು’ ಅಂತ ಬರೆದಿದ್ದಳು. ಹನುಮಕ್ಕ ಅದನ್ನು ವಠಾರದ ಮನೆಮನೆಗೂ ಹೋಗಿ ತೋರಿಸಿ ಬಂದರು.

ಶಿವಾನಿ ಮೇಡಂಗೆ ಎತ್ತು ಹಿಡಿಸಲಿಲ್ಲ. ಮುದ್ದಾಗಿದೆ ಅಂದರು. ಆದರೆ ಇದರಲ್ಲಿ ಅಚೋಲಳ ಕಥೆ ಎಲ್ಲಿದೆ ಅಂತ ಕೇಳಿದರು. ದೊಡ್ಡ ಪ್ರದರ್ಶನ ಬರುತ್ತಿದೆ, ಕೊಡುಗೈ ದಾನಿಗಳು ಬರುತ್ತಾರೆ, ಅವರಿಗೆ ಆ ಹುಡುಗಿ ಏನೇನು ಪಟ್ಟಿದ್ದಾಳೆ ಅಂತ ಕಾಣಬೇಕು ಅಂದರು. ಸುಡುವ ಮನೆ, ಓಡುವ ಜನ, ಡೇರೆ, ಹಸಿದ ಮಕ್ಕಳು. ಅಚೋಲ್ ನಿನ್ನ ಮಾತು ಕೇಳುತ್ತಾಳೆ ಭುವನಿ, ನೀನೇ ಒಪ್ಪಿಸು ಅಂತ ಹೆಗಲ ಮೇಲೆ ಕೈ ಇಟ್ಟರು.

ಭುವನಿ ಒಪ್ಪಿಸಲು ಹೋದಳು. ಅದು ನಿಜ. ಮೇಡಂ ಹೇಳಿದ್ದನ್ನು ಹೇಳಿದ ಹಾಗೇ ಹೇಳಿದಳು. ಆ ಕಡೆ ಕೋಳಿಯೊಂದು ಕೂಗುತ್ತಿತ್ತು.

“ಆ ಬೆಂಕಿ ನಾನು ಒಂದು ಸಲ ನೋಡಿದೀನಿ,” ಅಂದಳು ಅಚೋಲ್. “ಬರೀಬೇಕಾದ್ರೆ ಮತ್ತೆ ನೋಡಬೇಕು. ಅವರು ಟೀ ಕುಡಿಯುವಾಗ ನೋಡೋಕೆ ನಾನ್ಯಾಕೆ ಮತ್ತೆ ನೋಡ್ಲಿ? ನನಗೆ ಎತ್ತು ಬೇಕು. ಎತ್ತು ಸುಟ್ಟಿಲ್ಲ.”

ಭುವನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಮೇಡಂಗೆ ಹೋಗಿ ಅವಳು ಬರೆಯಲ್ಲವಂತೆ ಅಂದಳು. ಮೇಡಂ ಬೇಜಾರು ಮಾಡಿಕೊಳ್ಳಲಿಲ್ಲ. ಪರವಾಗಿಲ್ಲ, ನಾವು ನೋಡ್ಕೋತೀವಿ ಅಂದರು. ಅವರು ಏನು ನೋಡಿಕೊಂಡರು ಅನ್ನುವುದು ಗೊತ್ತಾದದ್ದು ಪ್ರದರ್ಶನದ ದಿನ.

ಆ ದಿನ ಭಾನುವಾರ. ಪ್ರದರ್ಶನ ಫೌಂಡೇಶನ್ನಿನ ಕಟ್ಟಡದಲ್ಲೇ. ಹನುಮಕ್ಕ ಪೆಟ್ಟಿಗೆಯಿಂದ ಹಸಿರು ರೇಷ್ಮೆ ಸೀರೆ ತೆಗೆದು ಉಟ್ಟರು. ತಲೆಗೆ ಕನಕಾಂಬರ ಮುಡಿದರು. ದಿನಾ ಗುಡಿಸುವ ರಸ್ತೆಯಲ್ಲಿ ಮೊದಲ ಸಲ ಕೈಯಲ್ಲಿ ಪೊರಕೆ ಇಲ್ಲದೆ ನಡೆದು ಬಂದೆ ಕಣವ್ವ ಅಂತ ಮಗಳಿಗೆ ಹೇಳಿ ನಕ್ಕರು.

ಬಾಗಿಲಲ್ಲೇ ಅಚೋಲ್ ಇದ್ದಳು. ಆಳೆತ್ತರದ ಫ್ಲೆಕ್ಸಿನಲ್ಲಿ ಅವಳ ಮುಖ. ಕಣ್ಣು ಕೆಂಪು. ಕೆನ್ನೆಯ ಮೇಲೆ ನೀರು. ಮೇಲೆ ದೊಡ್ಡ ಅಕ್ಷರದಲ್ಲಿ ‘ಕಣ್ಣೀರಿನ ಕುಂಚ’ ಅಂತ ಬರೆದಿತ್ತು. ಯಾವುದೋ ಶನಿವಾರದ ವಿಡಿಯೋ ಕಾಲಿನಿಂದ ಹಿಡಿದಿಟ್ಟ ಫೋಟೋ. ಅವಳನ್ನು ಯಾರೂ ಕೇಳಿರಲಿಲ್ಲ. ಭುವನಿ ಒಳಗೆಲ್ಲ ಹುಡುಕಿದಳು. ಎತ್ತು ಸಿಕ್ಕಿದ್ದು ಬಾತ್‌ರೂಮಿಗೆ ಹೋಗುವ ಓಣಿಯಲ್ಲಿ, ಅಂಗೈಯಷ್ಟು ಅಗಲದಲ್ಲಿ. ಅವಳದೇ ಚಿತ್ರ, ಟೀ ಕುಡಿಯುವ ಹೆಂಗಸರದ್ದು, ಒಳ್ಳೆಯ ಜಾಗದಲ್ಲೇ ಇತ್ತು. ಅದರ ಕೆಳಗೆ ಹೀಗೆ ಬರೆದಿದ್ದರು: ‘ಕಸ ಗುಡಿಸುವ ತಾಯಿಯ ಮಗಳು. ಮೋರಿ ಪಕ್ಕದ ಬದುಕಿನಲ್ಲಿ ಅರಳಿದ ಹೂವು.’ ಹೆಸರೂ ಇತ್ತು, ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ.

ಭುವನಿ ಅದನ್ನು ಎರಡು ಸಲ ಓದಿದಳು. ಅವರ ಮನೆ ಮೋರಿ ಪಕ್ಕದಲ್ಲಿ ಇರಲೇ ಇಲ್ಲ. ಇದ್ದರೆ ತಾನೇ ಏನು, ಅದು ಬೇರೆ ಮಾತು. ಹೇಳೋಣ ಅಂತ ಮೇಡಂ ಕಡೆ ಹೋದಳು. ಮೇಡಂ ಬಂದವರ ಜೊತೆ ಮಾತಾಡುತ್ತಿದ್ದರು. ಇವಳನ್ನು ಕಂಡದ್ದೇ ಹೆಗಲು ಹಿಡಿದು ಪಕ್ಕಕ್ಕೆಳೆದುಕೊಂಡು, ನಾನು ಹೇಳಿದ್ನಲ್ಲ, ಇವಳೇ ಅಂದರು. ಬಂದವರು ಪಾಪ ಅಂದರು. ಒಬ್ಬಾಕೆ ಅವಳ ಕೆನ್ನೆ ಸವರಿದರು.

ಆಗ ಭುವನಿಗೆ ಅಮ್ಮ ಕಂಡರು.

ಫೌಂಡೇಶನ್ನಿನ ಮ್ಯಾನೇಜರ್ ಗಿರಿರಾಜ್ ಅಂತ ಒಬ್ಬ. ಪ್ರದರ್ಶನದ ಹಾಲಿನ ನಡುವೆ ರಂಗೋಲಿ ಹಾಕಿ ಹೂವಿನ ದಳ ಸುರಿದಿದ್ದರು. ಬಂದವರು ಅದರ ಮೇಲೇ ನಡೆದು ದಳವೆಲ್ಲ ಚೆಲ್ಲಾಡಿತ್ತು. ಗಿರಿರಾಜ್ ಹನುಮಕ್ಕನ ಮುಖ ನೋಡಿ ಗುರುತು ಹಿಡಿದಿದ್ದ. ದಿನಾ ಬೆಳಿಗ್ಗೆ ಗೇಟಿನ ಮುಂದೆ ನೋಡುತ್ತಿದ್ದ ಮುಖ ಅದು. ಒಳಗಿನಿಂದ ಪೊರಕೆ ತಂದು ಅವರ ಕೈಗೆ ಕೊಟ್ಟಿದ್ದ. ಬಹಳ ಮರ್ಯಾದೆಯಿಂದಲೇ ಕೊಟ್ಟಿದ್ದ.

“ಅಮ್ಮ, ಹೆಂಗಿದ್ರೂ ಬಂದಿದೀರಲ್ಲ, ಇದೊಂಚೂರು ಎತ್ತಾಕ್ಬಿಡಿ. ಚೀಫ್ ಗೆಸ್ಟ್ ಬರೋ ಟೈಮು.”

ಹನುಮಕ್ಕ ಬಗ್ಗಿದ್ದರು. ರೇಷ್ಮೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಒಂದು ಕೈ ಬೆನ್ನ ಹಿಂದೆ. ಇನ್ನೊಂದು ಕೈಯಲ್ಲಿ ಪೊರಕೆ. ಸುತ್ತ ನಿಂತವರು ಕಾಲು ಎತ್ತಿ ಎತ್ತಿ ಜಾಗ ಬಿಡುತ್ತಿದ್ದರು. ಮಾತು ನಿಲ್ಲಿಸುತ್ತಿರಲಿಲ್ಲ.

ಭುವನಿ ಜನರ ನಡುವೆ ನುಗ್ಗಿ ಹೋದಳು. ಅಮ್ಮನ ಕೈಯಿಂದ ಪೊರಕೆ ಕಿತ್ತುಕೊಂಡಳು.

“ಏಳಮ್ಮ,” ಅಂದಳು.

“ಇರ್ಲಿ ಬಿಡವ್ವ, ಒಂದ್ ನಿಮ್ಷದ ಕೆಲ್ಸ.”

“ಏಳು.”

ಹನುಮಕ್ಕ ಎದ್ದರು. ಮಗಳ ಮುಖ ನೋಡಿದರು. ಆಮೇಲೆ ತಮ್ಮ ಸೀರೆ ನೋಡಿಕೊಂಡರು. ಸೊಂಟದಿಂದ ಸೆರಗು ಬಿಡಿಸಿ ಮೈ ತುಂಬ ಹೊದ್ದುಕೊಂಡರು. ಭುವನಿ ಪೊರಕೆಯನ್ನು ಗಿರಿರಾಜನ ಎದುರಿಗೆ ಚಾಚಿದಳು.

“ನೀವೇ ಗುಡಿಸಿ ಸಾರ್. ಅಮ್ಮ ಇವತ್ತು ರಜೆ.”

ಅವನು ಪೊರಕೆ ಹಿಡಿದುಕೊಂಡ. ಏನು ಮಾಡಬೇಕೋ ತಿಳಿಯದೆ ಮೇಡಂ ಕಡೆ ನೋಡಿದ. ಮೇಡಂ ನಗುತ್ತಲೇ ಬಂದರು. ಏನೋ ತಪ್ಪು ತಿಳುವಳಿಕೆ ಅಂದರು. ಅಷ್ಟರಲ್ಲಿ ವೇದಿಕೆಯ ದೊಡ್ಡ ಪರದೆಯ ಮೇಲೆ ಅಚೋಲ್ ಬಂದಳು. ಅವಳಿಗೆ ಆಗಿನ್ನೂ ಬೆಳಿಗ್ಗೆ. ತಲೆ ಹೆಣೆದುಕೊಂಡು, ಹಳದಿ ಅಂಗಿ ಹಾಕಿಕೊಂಡು ಕೂತಿದ್ದಳು. ಹಿಂದೆ ಚಿಕ್ಕಪ್ಪ, ಅಮ್ಮ, ಅಕ್ಕಪಕ್ಕದವರು. ಏನ್ ಗುರು ಅಂದಳು. ಯಾರೋ ಚಪ್ಪಾಳೆ ತಟ್ಟಿದರು. ಮೇಡಂ ಮೈಕ್ ತೆಗೆದು ಭುವನಿಯ ಕೈಗಿಟ್ಟರು. ಹೇಳಬೇಕಾದ ಮಾತನ್ನು ಮೊದಲೇ ಬಾಯಿಪಾಠ ಮಾಡಿಸಿದ್ದರು. ಫೌಂಡೇಶನ್ ನನ್ನ ಬದುಕನ್ನೇ ಬದಲಿಸಿತು ಅಂತ ಶುರುವಾಗುವ ಮಾತು.

ಭುವನಿ ಅದನ್ನು ಹೇಳಲಿಲ್ಲ. ತನ್ನ ಫೋನಿನಿಂದ ಅದೇ ವಿಡಿಯೋ ಕಾಲಿಗೆ ಸೇರಿಕೊಂಡಳು. ಮೈಕಿನಲ್ಲೇ, ತನ್ನ ಮುರುಕು ಇಂಗ್ಲಿಷಿನಲ್ಲೇ ಹೇಳಿದಳು.

“ಅಚೋಲ್, ಇವರು ಏನು ನೇತು ಹಾಕಿದಾರೆ ತೋರಿಸ್ತೀನಿ. ನೋಡು.”

ಫೋನು ಹಿಡಿದು ಬಾಗಿಲವರೆಗೆ ನಡೆದಳು. ಫ್ಲೆಕ್ಸಿನ ಮುಂದೆ ಹಿಡಿದಳು. ಪರದೆಯ ಮೇಲೆ ಅಚೋಲಳ ಮುಖ ಹತ್ತಿರ ಬಂತು. ಅವಳು ತನ್ನದೇ ಮುಖವನ್ನು ನೋಡುತ್ತಿದ್ದಳು.

ಅಚೋಲ್ ಕೇಳಿದಳು: “ಅದ್ಯಾಕೆ ನಾನು ಅಳ್ತಾ ಇದೀನಿ?”

“ನೀನು ಅಳ್ತಿದ್ದೆ ಅಂತ ಇವರು ಅಂದ್ಕೊಂಡಿದಾರೆ.”

“ಅಯ್ಯೋ,” ಅಂದಳು ಅಚೋಲ್. ಅದನ್ನೂ ಕನ್ನಡದಲ್ಲೇ ಅಂದಳು. “ಅವತ್ತು ಸೌದೆ ಹಸಿ ಇತ್ತು. ಹೊಗೆ. ಅಡುಗೆ ಮಾಡ್ತಾ ಎದ್ದು ಬಂದಿದ್ದೆ.”

ಹಿಂದಿದ್ದ ಅವಳ ಅಮ್ಮನಿಗೆ ಯಾರೋ ಇದನ್ನು ಅವರ ಮಾತಿನಲ್ಲಿ ಹೇಳಿದರು. ಆಯಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬೆಂಗಳೂರಿನ ಹಾಲಿನಲ್ಲೂ ಹಿಂದಿನ ಸಾಲಿನವರು ನಕ್ಕರು. ಮುಂದಿನ ಸಾಲಿನವರು ನಗಲೋ ಬೇಡವೋ ಅಂತ ಮೇಡಂ ಮುಖ ನೋಡಿದರು.

ಅಚೋಲ್ ಮಾತ್ರ ನಗಲಿಲ್ಲ.

“ನನ್ನ ಮುಖ ಇಳಿಸು, ಭುವನಿ,” ಅಂದಳು. “ನಾನು ಅದನ್ನ ಯಾರಿಗೂ ಕೊಟ್ಟಿಲ್ಲ. ಎತ್ತು ಕೊಟ್ಟಿದ್ದೆ.”

ಕಾರ್ಯಕ್ರಮ ಮುಗಿಯಲಿ, ಆಮೇಲೆ ಕೂತು ಮಾತಾಡೋಣ ಅಂದರು ಮೇಡಂ. ಚೀಫ್ ಗೆಸ್ಟ್ ಕಾರು ಗೇಟಿಗೆ ಬಂದಿತ್ತು. ಭುವನಿ ಒಂದು ಕುರ್ಚಿ ಎಳೆದಳು. ಹತ್ತಿ ನಿಂತಳು. ಕುರ್ಚಿ ಅಲುಗಿತು. ಹನುಮಕ್ಕ ಬಂದು ಗಟ್ಟಿಯಾಗಿ ಹಿಡಿದರು. ಭುವನಿ ಫ್ಲೆಕ್ಸಿನ ದಾರ ಬಿಚ್ಚಿದಳು. ಒಂದು ಕಡೆಯದು ಬಿಚ್ಚಿತು. ಇನ್ನೊಂದು ಕಡೆಯದು ಗಂಟು ಬಿದ್ದಿತ್ತು. ಹಲ್ಲಿನಲ್ಲಿ ಕಚ್ಚಿ ಬಿಚ್ಚಿದಳು. ಚೀಫ್ ಗೆಸ್ಟ್ ಒಳಗೆ ಕಾಲಿಡುವಾಗ ಫ್ಲೆಕ್ಸ್ ಅವರ ಎದುರಿಗೇ ಬಂದು ಬಿತ್ತು. ತಾಯಿ ಮಗಳು ಅದನ್ನು ಚಾಪೆ ಸುತ್ತಿದ ಹಾಗೆ ಸುತ್ತಿದರು. ಓಣಿಗೆ ಹೋಗಿ ಎತ್ತಿನ ಚಿತ್ರ ಗೋಡೆಯಿಂದ ಬಿಡಿಸಿಕೊಂಡರು. ಹೆಂಗಸರು ಟೀ ಕುಡಿಯುವ ಚಿತ್ರವನ್ನೂ ಬಿಡಿಸಿಕೊಂಡರು. ಇದಕ್ಕೆಲ್ಲ ಪರ್ಮಿಶನ್ ಬೇಕು ಅಂತ ಗಿರಿರಾಜ್ ಹಿಂದೆಯೇ ಬಂದ. ಪೊರಕೆ ಇನ್ನೂ ಅವನ ಕೈಯಲ್ಲೇ ಇತ್ತು.

ಮಾರನೇ ದಿನ ಫೌಂಡೇಶನ್ನಿನಿಂದ ಫೋನ್ ಬಂತು. ಭುವನಿಯನ್ನೂ ಅಚೋಲಳನ್ನೂ ಕಾರ್ಯಕ್ರಮದಿಂದ ಕೈಬಿಟ್ಟಿದ್ದರು. ಕೊಟ್ಟ ಫೋನು ವಾಪಸ್ ಕೊಡಬೇಕಿತ್ತು. ಭುವನಿ ಅದನ್ನು ಒರೆಸಿ, ಗೇಟಿನ ವಾಚ್‌ಮನ್ ಕೈಗೆ ಕೊಟ್ಟು ಬಂದಳು. ಅಚೋಲಳಿಂದಲೂ ಕಿತ್ತುಕೊಂಡರು. ಚಾರ್ಜ್ ಅಂಗಡಿಯಲ್ಲಿ ಕೂರುವವಳಿಗೆ ಫೋನಿಗೇನು ಬರ. ಚಿಕ್ಕಪ್ಪನ ಹಳೇ ಫೋನಿನಿಂದ ಸಂಜೆಯೇ ಮೆಸೇಜ್ ಬಂತು, ಹನುಮಕ್ಕನ ಒಡೆದ ಗಾಜಿನ ಫೋನಿಗೆ. ಏನ್ ಗುರು, ಊಟ ಆಯ್ತಾ.

ಆದರೂ ಭುವನಿಗೆ ಒಳಗೊಳಗೇ ಕುದಿಯುತ್ತಿತ್ತು. ಫ್ಲೆಕ್ಸ್ ಇಳಿಸಿದ್ದು ಸರಿ. ಆದರೆ ಎತ್ತನ್ನು ಯಾರೂ ನೋಡಲಿಲ್ಲ. ಬಾತ್‌ರೂಮಿನ ಓಣಿಯಿಂದ ವಠಾರದ ಗೋಡೆಗೆ ಬಂತು ಅಷ್ಟೆ. ಶೆಡ್ಡಿನಲ್ಲಿ ಎಮರಿ ಪೇಪರ್ ಹಿಡಿದು ಉಜ್ಜುವಾಗೆಲ್ಲ ಅದೇ ಯೋಚನೆ. ಇನ್ನೂ ಜೋರಾಗಿ ಉಜ್ಜುತ್ತಿದ್ದಳು.

ಒಂದು ದಿನ ಗಂಗಾಧರಯ್ಯ ಅನ್ನುವ ಆಟೋ ಡ್ರೈವರ್ ಬಂದರು. ಮಾಗಡಿ ಕಡೆಯವರು, ವಯಸ್ಸಾದವರು. ಗಾಡಿ ಆರ್‌ಟಿಒ ಆಫೀಸಿಗೆ, ಎಫ್‌ಸಿ ತಪಾಸಣೆಗೆ ಹೋಗಬೇಕಿತ್ತು, ಪೂರ್ತಿ ಪೇಂಟ್ ಆಗಬೇಕಿತ್ತು. ಹಿಂದಿನ ರೆಕ್ಸಿನ್ ಮೇಲೆ ಯಾವುದಾದರೂ ಸಿನಿಮಾ ಹೀರೋನ ಬರೆದುಕೊಡಿ ಅಂದರು. ಬರೆಯುವ ಪೇಂಟರ್ ಅವತ್ತು ಬಂದಿರಲಿಲ್ಲ. ಭುವನಿ ಕೈ ಒರೆಸಿಕೊಂಡು ಅವರ ಹತ್ತಿರ ಹೋದಳು. ಅಮ್ಮನ ಫೋನು ತೆಗೆದು ಎತ್ತು ತೋರಿಸಿದಳು.

ಗಂಗಾಧರಯ್ಯ ಕನ್ನಡಕ ಹಾಕಿಕೊಂಡರು. ಫೋನನ್ನು ದೂರ ಹಿಡಿದರು, ಹತ್ತಿರ ಹಿಡಿದರು. ತಮ್ಮ ಮನೆಯಲ್ಲಿದ್ದ ಹಳ್ಳಿಕಾರ್ ಜೋಡಿಯ ಸುದ್ದಿ ಎತ್ತಿದರು. ಇದು ಯಾವ ಊರಿನ ತಳಿ ಅಂತ ಕೇಳಿದರು. ಭುವನಿ ಹೇಳಿದಳು. ಮನೆ, ಬೆಂಕಿ, ಕ್ಯಾಂಪು, ಹಿಟ್ಟಿನ ಚೀಲ, ಎಲ್ಲ ಹೇಳಿದಳು.

“ಇದನ್ನೇ ಬರಿ,” ಅಂದರು ಗಂಗಾಧರಯ್ಯ.

ಕಾಂತರಾಜು ಒಪ್ಪಲಿಲ್ಲ. ಉಜ್ಜೋಳು ಉಜ್ಜಿದರೆ ಸಾಕು, ಹುಡುಗಿ ಕೈಗೆ ಬ್ರಷ್ ಕೊಟ್ಟರೆ ಮಿಕ್ಕವರು ಏನಂತಾರೆ, ಕೆಟ್ಟುಹೋದರೆ ರೆಕ್ಸಿನ್ ಯಾರು ಕೊಡ್ತಾರೆ ಅಂದರು. ಗಾಡಿ ನಂದು, ಕೆಟ್ಟರೂ ನಂದೇ ಕೆಡೋದು ಅಂತ ಗಂಗಾಧರಯ್ಯ ಅಲ್ಲೇ ಟೈರಿನ ಮೇಲೆ ಕೂತರು.

ಭುವನಿ ಬ್ರಷ್ ಹಿಡಿದಳು. ಎಮರಿ ಪೇಪರಿನ ಹಿಂಬದಿಯಲ್ಲಿ ಎಷ್ಟು ಬರೆದಿದ್ದರೂ ಇದು ಬೇರೆ. ಮಂಡಿಯೂರಿ ಕೂತಳು. ಮೊದಲು ಬೆನ್ನಿನ ಗೆರೆ ಎಳೆದಳು. ಆಮೇಲೆ ಹೆಗಲ ಮೇಲಿನ ಹಿಣಿಲು. ಆಮೇಲೆ ಕೊಂಬು. ಕೊಂಬಿಗೆ ಜಾಗ ಸಾಲಲಿಲ್ಲ. ಹಿಂದಿನ ರೆಕ್ಸಿನ್ ಮುಗಿದು ಪಕ್ಕಕ್ಕೆ ತಿರುಗಿತು, ಅಲ್ಲಿಗೂ ಬರೆದಳು. ಆಟೋವನ್ನೇ ಎತ್ತು ಎರಡು ಕೊಂಬಿನಲ್ಲಿ ಹಿಡಿದುಕೊಂಡ ಹಾಗೆ ಕಂಡಿತು. ಥಿನ್ನರ್ ವಾಸನೆಗೆ ತಲೆ ತಿರುಗುತ್ತಿತ್ತು. ಅವಳು ಏಳಲಿಲ್ಲ. ಊಟದ ಹೊತ್ತು ಮೀರಿತು. ಶೆಡ್ಡಿನ ಮಿಕ್ಕವರು ಒಬ್ಬೊಬ್ಬರಾಗಿ ಕೆಲಸ ಬಿಟ್ಟು ಬಂದು ಹಿಂದೆ ನಿಂತರು.

ಕೊನೆಗೆ ಎತ್ತಿನ ಕಾಲ ಬಳಿ ಬರೆದಳು: ಚಿತ್ರ, ಅಚೋಲ್. ಕನ್ನಡದಲ್ಲಿ ಒಂದು ಸಲ, ಇಂಗ್ಲಿಷಿನಲ್ಲಿ ಒಂದು ಸಲ.

“ಇದ್ಯಾರು ಅಚೋಲು? ಬರ್ದಿದ್ದು ನೀನು. ನಿನ್ ಹೆಸರು ಹಾಕು,” ಅಂದರು ಕಾಂತರಾಜು. ಅವರ ದನಿ ಸ್ವಲ್ಪ ಇಳಿದಿತ್ತು.

“ಎತ್ತು ಅವಳದು ಅಣ್ಣ. ನಾನು ಬರೀ ಹೊಡ್ಕೊಂಡು ಬಂದೆ.”

ಕಾಂತರಾಜು ಗೊಣಗಿಕೊಂಡೇ ಒಳಗೆ ಹೋಗಿ ಒಂದು ಹೊಸ ಬ್ರಷ್ ತಂದರು. ಹಾಗಾದರೆ ಕೆಳಗೆ ನಿನ್ನದೂ ಸಣ್ಣಗೆ ಬರಿ, ಶೆಡ್ಡಿನ ಫೋನ್ ನಂಬರೂ ಬರಿ ಅಂದರು.

ಆಟೋ ರಸ್ತೆಗೆ ಇಳಿಯಿತು. ಆರ್‌ಪಿಸಿ ಲೇಔಟ್, ವಿಜಯನಗರ, ರಾಜಾಜಿನಗರ, ಎಲ್ಲ ಕಡೆ ಎತ್ತು ಓಡಾಡಿತು. ಸಿಗ್ನಲ್ಲಿನಲ್ಲಿ ಹಿಂದೆ ನಿಂತವರು ಫೋಟೋ ತೆಗೆದರು. ಬೇರೆ ಡ್ರೈವರುಗಳು ಶೆಡ್ ಹುಡುಕಿಕೊಂಡು ಬಂದರು. ಎಲ್ಲರಿಗೂ ಎತ್ತೇ ಬೇಕು, ಆದರೆ ಗಂಗಾಧರಯ್ಯನದು ಬೇಡ, ತಮ್ಮದೇ ಬೇಕು. ಅಚೋಲ್‌ಗೆ ಇದು ಬಹಳ ಹಿಡಿಸಿತು. ಒಬ್ಬೊಬ್ಬ ಡ್ರೈವರಿನ ಫೋಟೋ ಕಳಿಸು ಅಂದಳು. ಅವನು ಎತ್ತರವೋ ಕುಳ್ಳೋ, ಜಗಳಗಂಟನೋ ಸಾಧುವೋ, ಹಾಡ್ತಾನೋ ಇಲ್ಲವೋ ಅಂತ ಕೇಳಿದಳು. ಅವನವನಿಗೆ ತಕ್ಕ ಎತ್ತು ಬರೆದು ಕಳಿಸಿದಳು. ಕೆಂಪು, ಕಂದು, ಮಚ್ಚೆಯದು, ಒಂದು ಕೊಂಬು ಮುಂದಕ್ಕೆ ಒಂದು ಹಿಂದಕ್ಕೆ ಬಾಗಿದ್ದು. ಮೀಟರ್ ಮೇಲೆ ಜಾಸ್ತಿ ಕೇಳುವ ಒಬ್ಬನಿಗೆ ಸೊಕ್ಕಿನ ಮೂತಿಯ ಎತ್ತು ಬಂತು. ಅವನ ಬಗ್ಗೆ ಹೇಳಿಕೊಟ್ಟವಳು ಭುವನಿ. ಅವನಿಗೆ ಗೊತ್ತಾಗಲಿಲ್ಲ, ಖುಷಿಯಿಂದ ಹೊಡೆಸಿಕೊಂಡು ಹೋದ.

ಇಲ್ಲಿಂದ ಡ್ರೈವರುಗಳೇ ಆನ್‌ಲೈನಿನಲ್ಲಿ ಅಚೋಲಳ ಫೋನಿಗೆ ಕರೆನ್ಸಿ ಹಾಕಿಸತೊಡಗಿದರು. ಕ್ಯಾಂಪಿನ ಇನ್ನೂ ಕೆಲವರು ಅಂಗಡಿಗೆ ಬಂದು ಕೂತು ಬರೆಯತೊಡಗಿದರು. ಒಬ್ಬ ಹುಡುಗಿ ಬರೀ ಹಕ್ಕಿ ಬರೆಯುತ್ತಾಳೆ ಅಂತ ಅಚೋಲ್ ಹೇಳಿದಳು. ಸ್ಕೂಲ್ ವ್ಯಾನಿನವರು ಹಕ್ಕಿ ಕೇಳಿಕೊಂಡು ಬಂದ ದಿನ ಭುವನಿ ಕೆಲಸದ ನಡುವೆಯೇ ಫೋನ್ ಮಾಡಿ ಕಿರುಚಿದಳು.

ಶಿವಾನಿ ಮೇಡಂ ಕೂಡ ಎಲ್ಲೋ ಎತ್ತು ನೋಡಿದರು. ಶೆಡ್ಡಿನ ನಂಬರಿಗೆ ಫೋನ್ ಮಾಡಿದರು. ಹಳೆಯದೆಲ್ಲ ಮರೆತುಬಿಡೋಣ, ಇದನ್ನ ಫೌಂಡೇಶನ್ ಹೆಸರಿನಲ್ಲಿ ದೊಡ್ಡದಾಗಿ ಮಾಡೋಣ ಅಂದರು. ದನಿ ಎಂದಿನ ಹಾಗೆ ಮೃದುವಾಗಿತ್ತು.

“ಅಮ್ಮನ ಹತ್ರ ಬಂದು ಮಾತಾಡಿ ಮೇಡಂ,” ಅಂದಳು ಭುವನಿ. “ಪೊರಕೆ ಕೊಟ್ಟಿದ್ದು ಅವರ ಕೈಗೆ. ಬೆಳಿಗ್ಗೆ ಆರಕ್ಕೆಲ್ಲ ನಿಮ್ಮ ಗೇಟ್ ಮುಂದೆನೇ ಇರ್ತಾರೆ.”

ಮೇಡಂ ಇನ್ನೂ ಗೇಟಿನಿಂದ ಹೊರಗೆ ಬಂದಿಲ್ಲ. ಹನುಮಕ್ಕ ಅಲ್ಲಿ ಗುಡಿಸುವುದನ್ನೂ ಬಿಟ್ಟಿಲ್ಲ. ರಸ್ತೆ ಅವರ ಕೆಲಸ. ಗೇಟಿನ ಒಳಗಿನದು ಅಲ್ಲ.

ಮೊನ್ನೆ ಭಾನುವಾರ ಮಧ್ಯಾಹ್ನ ದೀಪಾಂಜಲಿ ನಗರದ ಮೆಟ್ರೋ ಸ್ಟೇಷನ್ ಕೆಳಗೆ ಎತ್ತಿನ ಆಟೋಗಳೆಲ್ಲ ಬಂದು ಸೇರಿದವು. ಬೆನ್ನು ರಸ್ತೆಗೆ ಮಾಡಿ ಸಾಲಾಗಿ ನಿಂತವು. ಹನುಮಕ್ಕ ಜೊತೆಯ ಹೆಂಗಸರನ್ನು ಕರೆದುಕೊಂಡು ಬಂದಿದ್ದರು. ಕಾಂತರಾಜು ಇಸ್ತ್ರಿ ಶರ್ಟ್ ಹಾಕಿಕೊಂಡು ಬಂದಿದ್ದರು. ಭುವನಿ ವಿಡಿಯೋ ಕಾಲ್ ಮಾಡಿ ಸಾಲಿನುದ್ದಕ್ಕೂ ಫೋನು ಹಿಡಿದು ನಡೆದಳು. ಆ ಕಡೆ ಚಾರ್ಜ್ ಅಂಗಡಿಯ ಮುಂದೆ ಜಾತ್ರೆಯಷ್ಟು ಜನ. ಒಂದೊಂದು ಎತ್ತು ಕಂಡಾಗಲೂ ಅಲ್ಲಿ ಕೂಗು ಎದ್ದಿತು. ಕೊನೆಗೆ ಮಬಿಯೋರ್ ಕಂಡಿತು. ಅಲ್ಲಿ ಗಲಾಟೆ ನಿಂತಿತು. ಅಚೋಲಳ ಅಮ್ಮ ಫೋನನ್ನು ಕೈಗೆ ತೆಗೆದುಕೊಂಡಳು. ಮುಖ ಹತ್ತಿರ ತಂದಳು. ಸಣ್ಣ ದನಿಯಲ್ಲಿ ಏನೋ ಹಾಡಿದಳು. ಗಂಡನ ಹಾಡು ಇರಬೇಕು. ಅರ್ಥ ಯಾರಿಗೂ ಆಗಲಿಲ್ಲ. ಡ್ರೈವರುಗಳು ಸುಮ್ಮನೆ ನಿಂತು ಕೇಳಿದರು. ಹನುಮಕ್ಕ ಕಣ್ಣು ಒರೆಸಿಕೊಂಡರು.

ಹಾಡು ಮುಗಿಯುವಷ್ಟರಲ್ಲಿ ರಸ್ತೆ ದಾಟಿ ಬಂದ ಒಬ್ಬರು ಬ್ಯಾಗು ಹಿಡಿದು ಗಂಗಾಧರಯ್ಯನ ಮುಂದೆ ನಿಂತರು. ಕೆಂಗೇರಿಗೆ ಬರ್ತೀರಾ ಅಂತ ಕೇಳಿದರು. ಗಂಗಾಧರಯ್ಯ ಭುವನಿಯ ಕಡೆ ನೋಡಿದರು. ಹೋಗಿ ಅಂತ ಅವಳು ಕೈ ಮಾಡಿದಳು. ಆಟೋ ಸಾಲಿನಿಂದ ಹೊರಬಂತು. ಬಿಳಿ ಎತ್ತು ಮೈಸೂರು ರಸ್ತೆಯ ಗಾಡಿಗಳ ನಡುವೆ ಸೇರಿ ಮುಂದೆ ಹೋಯಿತು.

“ಎಲ್ಲಿಗೆ ಹೋಗ್ತಿದೆ?” ಅಂತ ಅಚೋಲ್ ಗಾಬರಿಯಿಂದ ಕೇಳಿದಳು.

“ಕೆಂಗೇರಿಗೆ.”

“ಅಲ್ಲಿ ಮೇವು ಸಿಗುತ್ತಾ?”

“ಮೇವಿಲ್ಲ. ಗ್ಯಾಸ್ ಬಂಕ್ ಇದೆ.”

ಅಚೋಲ್ ಹಿಂದೆ ತಿರುಗಿ ಇದನ್ನು ಅವರ ಮಾತಿನಲ್ಲಿ ಎಲ್ಲರಿಗೂ ಹೇಳಿದಳು. ಅಲ್ಲಿ ಎದ್ದ ನಗು ಹನುಮಕ್ಕನ ಒಡೆದ ಗಾಜಿನ ಫೋನಿನಿಂದ ಉಕ್ಕಿ ಬಂದು, ಮೇಲೆ ಮೆಟ್ರೋ ಹೋಗುವ ಸದ್ದಿನಲ್ಲೂ ರಸ್ತೆಯ ಆಚೆ ಬದಿಯವರಿಗೆ ಕೇಳಿಸಿತು.